ಮೊದಲ ಸಲ ಬೋಟು ಹತ್ತುವ ತಮ್ಮನಿಗೆ

ಕನ್ಯಾನದ ಗುಡ್ಡ, ಅಡಿಕೆ ತೋಟ ನೋಡಿ ಬೆಳೆದವನಿಗೆ ಕಡಲು ಹೊಸತು. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಆಮೇಲೆ ಮಂಗಳೂರು ದಕ್ಕೆಯಿಂದ ಆಳಸಮುದ್ರಕ್ಕೆ ಹೊರಟ ಬೋಟು ಹತ್ತು ದಿನವಾದರೂ ಮರಳದಿರಬಹುದು. ಅಷ್ಟು ದಿನ ಬೋಟೇ ಮನೆ.

ಹೊಟ್ಟೆ ಖಾಲಿ ಬಿಡಬೇಡ. ಗಂಜಿ, ಉಪ್ಪಿನಕಾಯಿ ಸಾಕು, ಕರಿದದ್ದು ಬೇಡ. ತಲೆ ಸುತ್ತಿದರೆ ಒಳಗೆ ಮಲಗದೆ ಹೊರಗೆ ಗಾಳಿಗೆ ಕೂತು ಬಾನಂಚು ನೋಡು. ಒಂದು ತುಂಡು ಶುಂಠಿ ಕಿಸೆಯಲ್ಲಿರಲಿ. ವೈದ್ಯರನ್ನು ಕೇಳಿ, ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಮೊದಲೇ ನುಂಗು.

ಟ್ಯಾಂಕಿನ ಸಿಹಿನೀರು ಕುಡಿಯಲು, ಅಡುಗೆಗೆ ಮಾತ್ರ; ಸ್ನಾನಕ್ಕಲ್ಲ. ಬಲೆ ಎಳೆಯುವಾಗ ಹಗ್ಗದ ಸುರುಳಿಯೊಳಗೆ ಕಾಲಿಡಬೇಡ. ತೊಟ್ಟರೆ ಮಾತ್ರ ಲೈಫ್ ಜಾಕೆಟ್ ಉಳಿಸುತ್ತದೆ, ತಲೆದಿಂಬಾಗಿಸಿದರೆ ಅಲ್ಲ. ಕರಾವಳಿ ರಕ್ಷಣಾ ಪಡೆಯ ತುರ್ತು ಫೋನ್ ಸಂಖ್ಯೆ 1554 ಬಾಯಿಪಾಠವಿರಲಿ. ದಡ ದೂರವಾದರೆ ಮೊಬೈಲು ಮೂಕ; ಅಮ್ಮನಿಗೆ ದಕ್ಕೆಯಿಂದಲೇ ಫೋನು ಮಾಡು.