ಮಕ್ಕಳ ಸ್ಥೌಲ್ಯಕ್ಕೆ ಔಷಧ: ಪರೀಕ್ಷಿಸಿದವರು ಯಾರು, ವೆಚ್ಚ ಭರಿಸಿದವರು ಯಾರು?

ಕೆಲವು ತಿಂಗಳ ಹಿಂದೆ ದಂಪತಿಗಳು ತಮ್ಮ ಹದಿಮೂರು ವರ್ಷದ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಬಾಲಕನ ತೂಕ 88 ಕಿಲೋ. ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪಗಾಗಿತ್ತು. “ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಂತಲ್ಲ ಡಾಕ್ಟ್ರೇ, ಇವನಿಗೆ ಹಾಕಿಸಬಹುದೆ?” ಎಂದು ತಂದೆ ಕೇಳಿದರು. “ಅದು ಬೇಡವೆಂದರೆ ಆಯುರ್ವೇದದಲ್ಲಿ ಅಡ್ಡಪರಿಣಾಮವಿಲ್ಲದ ಔಷಧಿ ಕೊಡಿ” ಎಂದರು ತಾಯಿ. ಈ ಎರಡು ಪ್ರಶ್ನೆಗಳಿಗೆ ಉತ್ತರಿಸುವ ಮುನ್ನ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಆ ಔಷಧವನ್ನು ಮಕ್ಕಳಲ್ಲಿ ಪರೀಕ್ಷಿಸಿದವರು ಯಾರು, ಎಷ್ಟು ಕಾಲ ಪರೀಕ್ಷಿಸಿದರು, ಯಾರ ಹಣದಿಂದ? ಸದ್ಭಕ್ತರು ಇದನ್ನು ತಿಳಿದಿರುವುದು ಅಗತ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಶಾಸ್ತ್ರ ಕಂಡ ಸ್ಥೌಲ್ಯ

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೌಲ್ಯವನ್ನು ವಿವರವಾಗಿ ವಿವೇಚಿಸುತ್ತದೆ. ಅತಿಭೋಜನ, ಗುರು-ಮಧುರ-ಸ್ನಿಗ್ಧ ಆಹಾರ, ವ್ಯಾಯಾಮದ ಅಭಾವ, ಹಗಲುನಿದ್ರೆ ಇವುಗಳೊಡನೆ ಬೀಜಸ್ವಭಾವವನ್ನೂ, ಅಂದರೆ ತಂದೆತಾಯಿಗಳಿಂದ ಬಂದ ಪ್ರವೃತ್ತಿಯನ್ನೂ ಆಚಾರ್ಯರು ಕಾರಣವಾಗಿ ಎಣಿಸಿದ್ದಾರೆ. ಆದುದರಿಂದ ಸ್ಥೂಲನಾದ ಮಗುವನ್ನು ಹೊಟ್ಟೆಬಾಕನೆಂದು ಹೀಗಳೆಯುವುದು ಸಲ್ಲದು. ಮೇದಸ್ಸು ಸ್ರೋತಸ್ಸುಗಳನ್ನು ಅಡ್ಡಗಟ್ಟಿದಾಗ ವಾಯುವು ಕೋಷ್ಠದಲ್ಲಿ ಸಂಚರಿಸಿ ಅಗ್ನಿಯನ್ನು ಕೆರಳಿಸುತ್ತದೆ. ಉಂಡಷ್ಟೂ ಹಸಿವು ಏರುತ್ತದೆ ಎಂಬುದು ಅಲ್ಲಿಯ ವಿವರಣೆ. ಇಂದಿನ ಹೊಸ ಔಷಧಗಳು ಕೆಲಸ ಮಾಡುವುದೂ ಈ ಹಸಿವಿನ ಮೇಲೆಯೇ. ಕರುಳಿನಲ್ಲಿ ಸಹಜವಾಗಿ ಉತ್ಪತ್ತಿಯಾಗುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಅನುಕರಿಸಿ, ಜಠರ ಖಾಲಿಯಾಗುವುದನ್ನು ನಿಧಾನಗೊಳಿಸಿ, ಮಿದುಳಿಗೆ ತೃಪ್ತಿಯ ಸಂದೇಶವನ್ನು ಕಳುಹಿಸುತ್ತವೆ.

ಹೊಸ ಔಷಧದ ಪರೀಕ್ಷೆ

ಇವುಗಳಲ್ಲಿ ಪ್ರಸಿದ್ಧವಾದ ಸೆಮಾಗ್ಲುಟೈಡ್‌ನ ಹದಿಹರೆಯದವರ ಪ್ರಯೋಗದ ವರದಿ 2022ರಲ್ಲಿ ಪ್ರಕಟವಾಯಿತು. 12ರಿಂದ 17 ವರ್ಷದ 201 ಮಕ್ಕಳನ್ನು 68 ವಾರಗಳ ಕಾಲ ಗಮನಿಸಲಾಯಿತು. ಔಷಧ ಪಡೆದವರಲ್ಲಿ ಬಿಎಂಐ ಸರಾಸರಿ ಶೇ. 16ರಷ್ಟು ತಗ್ಗಿತು; ಕೇವಲ ಹುಸಿಮದ್ದು ಪಡೆದವರಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಉಳಿಯಿತು. ಇದು ಸಾಮಾನ್ಯ ಫಲಿತಾಂಶವಲ್ಲ. ಔಷಧ ಪಡೆದವರಲ್ಲಿ ವಾಕರಿಕೆ, ವಾಂತಿ, ಭೇದಿಯಂತಹ ತೊಂದರೆಗಳು ಹೆಚ್ಚಾಗಿದ್ದವು. ಕೆಲವರಿಗೆ ಪಿತ್ತಕೋಶದ ಕಲ್ಲುಗಳೂ ಆದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆಯು 12 ವರ್ಷ ಮೀರಿದವರಿಗೆ ಅನುಮತಿ ನೀಡಿತು. ನಮ್ಮ ದೇಶದಲ್ಲಿ 2025ರ ಜೂನ್‌ನಲ್ಲಿ ಇದನ್ನು ತೂಕ ಇಳಿಸುವ ಚುಚ್ಚುಮದ್ದಾಗಿ ಮಾರುಕಟ್ಟೆಗೆ ತಂದದ್ದು ವಯಸ್ಕರಿಗಾಗಿ.

ಆ ಪ್ರಯೋಗ ನಡೆದದ್ದು ಯುರೋಪು ಮತ್ತು ಉತ್ತರ ಅಮೆರಿಕದ ಕೇಂದ್ರಗಳಲ್ಲಿ. ವೆಚ್ಚವನ್ನು ಭರಿಸಿದ್ದು ಔಷಧದ ತಯಾರಕರಾದ ನೋವೋ ನಾರ್ಡಿಸ್ಕ್ ಸಂಸ್ಥೆ. ಇದರಲ್ಲಿ ದೋಷವಿಲ್ಲ. ಮಾರುವವನೇ ತನ್ನ ಸರಕಿನ ಗುಣವನ್ನು ಸಾಬೀತುಪಡಿಸಬೇಕೆಂಬುದು ನ್ಯಾಯವೇ. ಆದರೆ ತಯಾರಕನಿಗೆ ಬೇಕಾದ ಪ್ರಶ್ನೆಗೂ ತಾಯಿಗೆ ಬೇಕಾದ ಪ್ರಶ್ನೆಗೂ ಅಂತರವಿದೆ. ತೂಕ ಇಳಿಯುವುದೇ ಎಂಬುದು ಮೊದಲನೆಯವನ ಪ್ರಶ್ನೆ. ಎಷ್ಟು ವರ್ಷ ಕೊಡಬೇಕು, ನಿಲ್ಲಿಸಿದರೆ ಏನಾಗುತ್ತದೆ, ಬೆಳೆಯುವ ಮೂಳೆಗೂ ಮಾಂಸಖಂಡಕ್ಕೂ ಏನಾಗುತ್ತದೆ, ಅನ್ನ-ಮುದ್ದೆ ಉಣ್ಣುವ ನಮ್ಮ ಮಕ್ಕಳಿಗೆ ಎಷ್ಟು ಪ್ರಮಾಣ ಸಾಕು ಎಂಬುವು ತಾಯಿಯ ಪ್ರಶ್ನೆಗಳು. ವಯಸ್ಕರಲ್ಲಿ ಔಷಧ ನಿಲ್ಲಿಸಿದ ಒಂದು ವರ್ಷದೊಳಗೆ, ಕಳೆದುಕೊಂಡ ತೂಕದ ಮೂರರಲ್ಲಿ ಎರಡು ಪಾಲು ಮರಳಿದ್ದನ್ನು ಅಧ್ಯಯನವೇ ತೋರಿಸಿದೆ.

ಹಿಂದಿನ ಪಾಠವೊಂದನ್ನು ಮರೆಯಲಾಗದು. ಸಿಬುಟ್ರಮೈನ್ ಎಂಬ ತೂಕ ಇಳಿಸುವ ಮಾತ್ರೆಯನ್ನು ಸುಮಾರು ಐನೂರು ಹದಿಹರೆಯದವರಲ್ಲಿ ಒಂದು ವರ್ಷ ಪರೀಕ್ಷಿಸಿದಾಗ ತೂಕ ಇಳಿದಿತ್ತು. ಬಳಿಕ ಹೃದ್ರೋಗದ ಅಪಾಯವುಳ್ಳ ಸುಮಾರು ಹತ್ತು ಸಾವಿರ ವಯಸ್ಕರನ್ನು ವರ್ಷಾನುಗಟ್ಟಲೆ ಗಮನಿಸಿದಾಗ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದು ಕಂಡುಬಂದು, 2010ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಕಿರು ಅವಧಿಯ ಪರೀಕ್ಷೆಯು ಕಾಣದ್ದನ್ನು ದೀರ್ಘ ಅವಧಿಯ ಪರೀಕ್ಷೆಯು ಕಂಡಿತು.

ಮೈಸೂರಿನಲ್ಲೇ ಇರುವ ಮಾದರಿ

ದೀರ್ಘಕಾಲದ ಅಧ್ಯಯನ ನಮ್ಮಲ್ಲಿ ಸಾಧ್ಯವೇ ಎಂಬ ಸಂದೇಹಕ್ಕೆ ನಮ್ಮ ಊರೇ ಉತ್ತರ. ಇಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಹಿರಿಯರು ಮಿಷನ್ ಆಸ್ಪತ್ರೆ ಎನ್ನುವ ಸಂಸ್ಥೆಯಲ್ಲಿ, 1997-98ರಲ್ಲಿ 830 ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಲಾಯಿತು. ಗರ್ಭಾವಧಿಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗೇ ಕೊಬ್ಬಿನಂಶ ಹೆಚ್ಚಿರುವುದನ್ನು ಅದು ತೋರಿಸಿತು. ಬೀಜಸ್ವಭಾವ, ಗರ್ಭಿಣೀಪರಿಚರ್ಯೆ ಎಂದು ನಾವು ಓದಿದ ಮಾತುಗಳಿಗೆ ಅಂಕಿಯ ಬಲ ದೊರೆಯಿತು. ಇದಕ್ಕೆ ಹಣ ಬಂದದ್ದಾದರೂ ಎಲ್ಲಿಂದ? ಸ್ವಿಟ್ಜರ್‌ಲೆಂಡಿನ ಪಾರ್ಥೆನಾನ್ ಟ್ರಸ್ಟ್ ಹಾಗೂ ಬ್ರಿಟನ್ನಿನ ಸಂಸ್ಥೆಗಳಿಂದ. ಆ ಕಾರಣಕ್ಕೇ ಅದು ಪಾರ್ಥೆನಾನ್ ಅಧ್ಯಯನವೆಂದು ಹೆಸರಾಗಿದೆ. ಅವರಿಗೆ ಕೃತಜ್ಞತೆ ಸಲ್ಲಿಸುತ್ತಲೇ, ನಮ್ಮ ಮಕ್ಕಳ ವಿಚಾರಕ್ಕೆ ನಮ್ಮ ಹಣ ಏಕೆ ಮುಂದೆ ಬರಲಿಲ್ಲವೆಂದು ನಾವು ಕೇಳಿಕೊಳ್ಳಬೇಕು.

ಭಾರತದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ ಮಾತ್ರ. ಬಳಿಕ ಹಲವು ಕಂಪನಿಗಳು ಅಗ್ಗದಲ್ಲಿ ಮಾರಬಹುದು. ಎಲ್ಲರೂ ಮಾರುವ ಔಷಧಕ್ಕೆ ಹೊಸ ಪ್ರಯೋಗದ ವೆಚ್ಚವನ್ನು ಭರಿಸುವ ಉತ್ಸಾಹ ಯಾವ ಕಂಪನಿಗೂ ಇರದು. ಆ ಹೊಣೆ ಸಮಾಜದ್ದು.

ನಮ್ಮ ಪದ್ಧತಿಯ ಹೊಣೆ

ಆಯುರ್ವೇದದ ಔಷಧಕ್ಕೂ ಇದೇ ಅಳತೆಗೋಲು. ತ್ರಿಫಲಾ, ಗುಗ್ಗುಳು ಯೋಗಗಳನ್ನು ನಾವು ವಯಸ್ಕರಿಗೆ ದಶಕಗಳಿಂದ ಕೊಡುತ್ತಿದ್ದೇವೆ. ಆದರೆ ಅನುಭವವು ಪರೀಕ್ಷೆಗೆ ಬದಲಿಯಲ್ಲ. ಗಿಡಮೂಲಿಕೆಯೆಂದ ಮಾತ್ರಕ್ಕೆ ಮಗುವಿಗೆ ನಿರಪಾಯವೆಂದು ಹೇಳುವುದು ಶಾಸ್ತ್ರಕ್ಕೂ ಸಲ್ಲದು, ಆತ್ಮಸಾಕ್ಷಿಗೂ ಸಲ್ಲದು. ಜಾಹೀರಾತು ನೋಡಿ ತೂಕ ಇಳಿಸುವ ಪುಡಿಗಳನ್ನು ಮಕ್ಕಳಿಗೆ ಕೊಡಬೇಡಿರೆಂದು ಸ್ಪಷ್ಟವಾಗಿ ಹೇಳುತ್ತೇವೆ.

ದಾನಿಗಳು ಗಮನಿಸಬೇಕಾದುದು

ಶರಣರು ದಾಸೋಹವನ್ನು ಅನ್ನಕ್ಕಷ್ಟೇ ಸೀಮಿತಗೊಳಿಸಲಿಲ್ಲ; ಜ್ಞಾನವೂ ದಾಸೋಹವೇ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಕೇಂದ್ರೀಯ ಆಯುರ್ವೇದ ಸಂಶೋಧನಾ ಪರಿಷತ್ತುಗಳ ಜೊತೆಗೆ ಉದ್ಯಮಿಗಳೂ ಭಕ್ತರೂ ಇಂತಹ ಸಂಶೋಧನೆಗೆ ನೆರವಾಗಬಹುದು. ಹಣ ನೀಡುವ ಮುನ್ನ ಇವನ್ನು ಕೇಳಿರಿ:

1. ಪ್ರಯೋಗವು ಆರಂಭಕ್ಕೆ ಮುನ್ನವೇ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗುವುದೆ? ನೀತಿಸಮಿತಿಯ ಒಪ್ಪಿಗೆ ದೊರೆತಿದೆಯೆ?

2. ತಂದೆತಾಯಿಗಳ ಒಪ್ಪಿಗೆಯ ಜೊತೆಗೆ ಏಳು ವರ್ಷ ಮೀರಿದ ಮಗುವಿನ ಸಮ್ಮತಿಯನ್ನೂ ಪಡೆಯುವರೆ? ಹಾನಿಯಾದರೆ ಚಿಕಿತ್ಸೆ, ಪರಿಹಾರಗಳ ಏರ್ಪಾಡು ಇದೆಯೆ?

3. ಔಷಧ ನಿಲ್ಲಿಸಿದ ಮೇಲೂ ಮಕ್ಕಳನ್ನು ಕೆಲವು ವರ್ಷ ಗಮನಿಸುವರೆ?

4. ಫಲಿತಾಂಶ ಪ್ರತಿಕೂಲವಾದರೂ ಪ್ರಕಟಿಸುವರೆ? ಕೊಟ್ಟವನು ಫಲವನ್ನು ತನ್ನತ್ತ ಎಳೆಯದಿದ್ದರೆ ಮಾತ್ರ ಅದು ದಾಸೋಹ.

ಆ ಬಾಲಕನಿಗೆ ನಾವು ಔಷಧ ಬರೆಯಲಿಲ್ಲ. ಕತ್ತಿನ ಕಪ್ಪು ಇನ್ಸುಲಿನ್ ಪ್ರತಿರೋಧದ ಸೂಚನೆಯಾದುದರಿಂದ ಮಕ್ಕಳ ಹಾರ್ಮೋನು ತಜ್ಞರಲ್ಲಿಗೆ ಕಳುಹಿಸಿದೆವು. ಮುಂದೆ ಚುಚ್ಚುಮದ್ದು ಅಗತ್ಯವೇ ಎಂಬುದನ್ನು ಅವರೇ ನಿರ್ಧರಿಸಲೆಂದೆವು. ಮನೆಗೆ ಸಿಹಿ ಪಾನೀಯ, ಬೇಕರಿ ತಿಂಡಿ ತರಬಾರದು. ರಾತ್ರಿಯೂಟ ಎಂಟರೊಳಗೆ ಮುಗಿಯಬೇಕು. ಸಂಜೆ ತಂದೆಮಗ ಇಬ್ಬರೂ ಒಂದು ಗಂಟೆ ನಡೆಯಬೇಕು ಎಂದು ಇಡೀ ಮನೆಗೆ ಪಥ್ಯ ಹೇಳಿದೆವು. ಇದೀಗ ತೂಕ ಏರದೆ ನಿಂತಿದೆ, ಎತ್ತರ ಬೆಳೆದಿದೆ. ಬೆಳೆಯುವ ಮಗುವಿನಲ್ಲಿ ಅದೂ ಗೆಲುವೇ. ಆದರೆ ಇಷ್ಟರಿಂದಲೇ ಗುಣ ಕಾಣದ ಮಕ್ಕಳೂ ಇದ್ದಾರೆ. ಅವರಿಗೆ ನಿಶ್ಚಿತ ಉತ್ತರ ನೀಡಲು ನಮ್ಮ ನೆಲದಲ್ಲೇ ಪ್ರಾಮಾಣಿಕ ಸಂಶೋಧನೆ ನಡೆಯಲಿ.