ಕುದುರೆಮುಖ ಫ್ಯಾಮಿಲಿ ಟ್ರಿಪ್ ಸಕ್ಸಸ್ ಆಗಲು ಏಳು ಸೂತ್ರಗಳು

ಲೀವ್ ಸ್ಯಾಂಕ್ಷನ್ ಆಗಿದೆ, ಮಕ್ಕಳಿಗೂ ರಜೆ. ಆದರೂ ‘ಅಷ್ಟು ದೂರ ಹೋಗಿ ಏನೂ ಕಾಣದಿದ್ದರೆ?’ ಎಂಬ ಅನುಮಾನ. ಅದೊಂದು ಚಟ. ಇವತ್ತೇ ಬಿಡಿ.

1. ಟಾರ್ಗೆಟ್ ಸರಿ ಮಾಡಿಕೊಳ್ಳಿ. ಹುಲಿ ನೋಡಲೇಬೇಕೆಂದು ಹೊರಟವರು ಸಪ್ಪೆ ಮೋರೆ ಹಾಕಿಕೊಂಡು ವಾಪಸಾಗುತ್ತಾರೆ. ಇಲ್ಲಿನ ಹೀರೋ ಸಿಂಗಳೀಕ ಎಂಬ ಕೋತಿ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಇನ್ಯಾವ ಕಾಡಿನಲ್ಲೂ ಅದಿಲ್ಲ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮಾಡಿದ ಸಿಂಗಳೀಕಗಳ ಸರ್ವೆಯೇ 1987ರಲ್ಲಿ ಈ ರಾಷ್ಟ್ರೀಯ ಉದ್ಯಾನ ಹುಟ್ಟಲು ದಾರಿ ಮಾಡಿತು. ಕಪ್ಪು ಮೈ, ಮುಖದ ಸುತ್ತ ನರೆತ ಕೇಸರ, ಬಾಲದ ತುದಿಗೆ ಕುಚ್ಚು. ಮರದ ನೆತ್ತಿಯಿಂದ ಅರೆತಿಂದ ಹಣ್ಣು ಪಟಪಟ ಉದುರುತ್ತಿದೆಯೇ? ಸದ್ದು ಮಾಡದೆ ತಲೆಯೆತ್ತಿ. ಬಿಸ್ಕತ್ತು ಮಾತ್ರ ಎಸೆಯಬೇಡಿ. ಅದರ ರುಚಿ ಹತ್ತಿದ ಕೋತಿ ರಸ್ತೆಗಿಳಿಯುತ್ತದೆ, ಟೈರಿಗೆ ಸಿಗುತ್ತದೆ.

2. ಮೊದಲು ಪರ್ಮಿಟ್, ಆಮೇಲೆ ಪ್ಯಾಕಿಂಗ್. ಚಾರಣಕ್ಕೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಆನ್‌ಲೈನ್‌ನಲ್ಲೇ ಬುಕ್ ಮಾಡಿ. ಕುದುರೆಮುಖ ಶಿಖರದ ಎತ್ತರ 1,894 ಮೀಟರ್. ಚಿಕ್ಕ ಮಕ್ಕಳಿದ್ದರೆ ಅದರ ಹಟ ಬೇಡ.

3. ಸಫಾರಿ ಆಸೆಯನ್ನು ಮುತ್ತೋಡಿಗೆ ಇಟ್ಟುಕೊಳ್ಳಿ. ಕಾಟಿ, ಕಡವೆ, ಆನೆಗಳನ್ನು ಜೀಪಿನಲ್ಲಿ ಕೂತು ಹುಡುಕಲು ಭದ್ರಾ ಅಭಯಾರಣ್ಯದ ಈ ಭಾಗವೇ ಸರಿ. ಚಿಕ್ಕಮಗಳೂರಿನಲ್ಲಿ ಉಳಿದು ಬೆಳಗಿನ ಟ್ರಿಪ್ ಹಿಡಿಯಿರಿ.

4. ಹೊಟ್ಟೆ ಹಗುರವಾಗಿರಲಿ. ಮೂಡಿಗೆರೆ ದಾಟಿ ಕಳಸದವರೆಗೆ ಕಾಫಿ ತೋಟದ ನಡುವೆ ತಿರುವೋ ತಿರುವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿ, ಸಾಕು. (ಎರಡನೇ ಪ್ಲೇಟ್ ಬೇಡ ಅನ್ನುವುದು ಕಷ್ಟ, ಒಪ್ಪಿದೆ.)

5. ಹೋಮ್‌ವರ್ಕ್ ಮಾಡಿ. ಕುದುರೆಮುಖ ಊರಿಗೆ ಬಂದಾಗ ‘ಈ ಟೌನ್‌ಶಿಪ್ ಯಾಕಪ್ಪಾ ಖಾಲಿ ಹೊಡೀತಿದೆ?’ ಎಂದು ಮಗಳು ಕೇಳೇ ಕೇಳುತ್ತಾಳೆ. ಉತ್ತರ ರೆಡಿ ಇರಲಿ: ಇಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಅದಿರಿನ ಪುಡಿಯನ್ನು ನೀರಿನಲ್ಲಿ ಕದಡಿ ಘಟ್ಟದ ಕೆಳಗೆ ಮಂಗಳೂರಿಗೆ ಪೈಪಿನಲ್ಲೇ ಕಳಿಸುತ್ತಿದ್ದರು. ಉಳಿದ ಹೂಳು ಹಿಡಿಯಲು ಕಟ್ಟಿದ್ದೇ ಲಕ್ಯಾ ಅಣೆಕಟ್ಟು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಯ ಮಣ್ಣು ಸೇರಿ ಭದ್ರಾ ನದಿಯ ನೀರು ಕೆಂಪಾಗುತ್ತಿತ್ತು ಎಂಬುದನ್ನೂ ಹೇಳಿ. ಹತ್ತು ಸೆಲ್ಫಿಗಿಂತ ಇದು ನೆನಪಿನಲ್ಲಿ ಉಳಿಯುತ್ತದೆ.

6. ಗೇಟಿನ ಟೈಮ್ ಪಾಲಿಸಿ. ಚೆಕ್‌ಪೋಸ್ಟಿನಲ್ಲಿ ನೀವು ಒಳಹೊಕ್ಕ ಸಮಯ ಬರೆದುಕೊಳ್ಳುತ್ತಾರೆ. ಫೋಟೊಗೆಂದು ಕಂಡಕಂಡಲ್ಲಿ ಕಾರು ನಿಲ್ಲಿಸಬೇಡಿ. ನೆಟ್‌ವರ್ಕ್ ಕೈಕೊಡುತ್ತದೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

7. ಇಂಬಳಕ್ಕೆ ಹೆದರಬೇಡಿ. ಮಳೆಗಾಲವಾದರೆ ಉದ್ದ ಸಾಕ್ಸ್ ಹಾಕಿ, ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇರಲಿ. ಕಚ್ಚಿದರೆ ನೋವಿಲ್ಲ, ರಕ್ತ ಮಾತ್ರ ಸ್ವಲ್ಪ ಹೊತ್ತು ಜಿನುಗುತ್ತದೆ. ನೀವು ಕಿರುಚದಿದ್ದರೆ ಮಕ್ಕಳೂ ಕಿರುಚುವುದಿಲ್ಲ.