ಗುಂಡಗಿರುವ ಮಗುವಿಗೂ ಕಬ್ಬಿಣ ಕಡಿಮೆ ಯಾಕೆ?

"ಮಗು ಗುಂಡುಗುಂಡಾಗಿದೆ, ಅದಕ್ಕೇನು ಕೊರತೆ?" ಅನ್ನೋ ಮಾತನ್ನ ನಾವೆಲ್ಲ ಮನೆಗಳಲ್ಲಿ ಕೇಳಿದ್ದೇವೆ. ರಕ್ತಹೀನತೆ ಅಂದರೆ ಸೊರಗಿದ ಮಕ್ಕಳದ್ದು ಅಂತಲೇ ನಮ್ಮ ಲೆಕ್ಕ. ಆದರೆ ಬೊಜ್ಜಿರುವ ಹದಿಹರೆಯದವರ ರಕ್ತದಲ್ಲಿ ಕಬ್ಬಿಣ ಕಡಿಮೆ ಇರುತ್ತದೆ ಎಂದು 1962ರಲ್ಲೇ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ನಂತರ ಹಲವು ದೇಶಗಳಲ್ಲಿ ಇದೇ ಕಂಡುಬಂದಿದೆ. ತಿನ್ನೋದು ಜಾಸ್ತಿ, ಕಬ್ಬಿಣ ಕಡಿಮೆ. ಇದು ಹೇಗೆ?

ಮೊದಲ ಕಾರಣ ಸುಲಭ. ಚಿಪ್ಸ್, ಬಿಸ್ಕತ್ತು, ಕೂಲ್ ಡ್ರಿಂಕ್ಸ್‌ನಲ್ಲಿ ಕ್ಯಾಲೊರಿ ತುಂಬ, ಖನಿಜ ಅತ್ಯಲ್ಪ.

ಎರಡನೆಯದು ನಮಗೆ, ಅಂದರೆ ಎಂಜಿನಿಯರಿಂಗ್‌ನವರಿಗೆ, ಬೇಗ ಅರ್ಥವಾಗುತ್ತೆ. ಕರುಳಿನ ಜೀವಕೋಶದಿಂದ ಕಬ್ಬಿಣ ರಕ್ತಕ್ಕೆ ಹೋಗಲು ಫೆರೋಪೋರ್ಟಿನ್ ಎಂಬ ಒಂದೇ ಬಾಗಿಲು. ಅದನ್ನು ಮುಚ್ಚಿಸುವುದು ಯಕೃತ್ತು ತಯಾರಿಸುವ ಹೆಪ್ಸಿಡಿನ್ ಹಾರ್ಮೋನ್. ದೇಹದಲ್ಲಿ ಕಬ್ಬಿಣ ಹೆಚ್ಚಾದರೆ ಹೆಪ್ಸಿಡಿನ್ ಏರುತ್ತೆ, ಬಾಗಿಲು ಮುಚ್ಚುತ್ತೆ, ಕಡಿಮೆಯಾದರೆ ತೆರೆಯುತ್ತೆ. ಪಕ್ಕಾ ನೆಗೆಟಿವ್ ಫೀಡ್‌ಬ್ಯಾಕ್!

ತೊಂದರೆ ಎಲ್ಲಿ ಅಂದರೆ, ಕೊಬ್ಬು ಬರೀ ಗೋದಾಮು ಅಲ್ಲ. ಅದು ಅತಿಯಾದಾಗ ಸಣ್ಣ ಮಟ್ಟದ ಉರಿಯೂತ ಶುರುವಾಗಿ ಇಂಟರ್‌ಲ್ಯೂಕಿನ್-6ನಂಥ ಸಂಕೇತಗಳು ಹೊರಡುತ್ತವೆ. ಇವು ಯಕೃತ್ತನ್ನು ತಲುಪಿದರೆ, ಕಬ್ಬಿಣ ಸಾಲದೇ ಇದ್ದರೂ ಹೆಪ್ಸಿಡಿನ್ ಏರುತ್ತೆ. ಕಂಟ್ರೋಲರ್ ಸರಿಯಾಗಿಯೇ ಇದೆ, ಬಂದ ಇನ್‌ಪುಟ್ ಬೇರೆ. ಹೀಗಾಗಿ ತಿಂದ ಕಬ್ಬಿಣದ ಒಂದು ಭಾಗ ಕರುಳಿನ ಕೋಶದಲ್ಲೇ ಉಳಿದು, ಕೆಲವು ದಿನಗಳಲ್ಲಿ ಆ ಕೋಶದ ಜೊತೆಗೇ ಹೊರಹೋಗುತ್ತೆ.

ಅಳತೆಯಲ್ಲೂ ಮೋಸವಿದೆ. ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಉರಿಯೂತದಲ್ಲಿ ತಾನಾಗೇ ಏರುತ್ತೆ. ಅದಕ್ಕೇ ರಿಪೋರ್ಟ್ 'ನಾರ್ಮಲ್' ಅಂದರೂ ಕೊರತೆ ಇರಬಹುದು. ಉರಿಯೂತ ತೋರಿಸುವ ಸಿಆರ್‌ಪಿಯನ್ನೂ ಜೊತೆಗೆ ನೋಡಬೇಕು. ತಾಮ್ರದ್ದೂ ಇದೇ ಕತೆ: ರಕ್ತದ ಬಹುಪಾಲು ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಕೂಡ ಉರಿಯೂತದಲ್ಲಿ ಏರುತ್ತೆ. ಸತುವಿನ ಮಟ್ಟವೋ ಇಳಿಯುತ್ತೆ. ಆದ್ದರಿಂದ "ಸತು ಕಡಿಮೆ, ಅದಕ್ಕೇ ದಪ್ಪ" ಅಂತ ಒಂದು ರಕ್ತಪರೀಕ್ಷೆ ನೋಡಿ ಹೇಳೋಕಾಗಲ್ಲ. ಕೋರಿಲೇಷನ್ ಬೇರೆ, ಕಾರಣ ಬೇರೆ.

ಇದು ದೂರದ ವಿಷಯವಲ್ಲ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ಭಾರತದ 10–19 ವಯಸ್ಸಿನವರಲ್ಲಿ 28% ಜನರಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಕೊರತೆ ಮಕ್ಕಳ ಏಕಾಗ್ರತೆ, ಕಲಿಕೆ ಎರಡಕ್ಕೂ ಪೆಟ್ಟು ಕೊಡುತ್ತೆ. ದಪ್ಪಗಿರುವ ತಮ್ಮನೋ ತಂಗಿಯೋ ಸದಾ ಸುಸ್ತು ಅಂದರೆ "ಸೋಮಾರಿ" ಅಂತ ರೇಗಿಸುವ ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋಣ. ಕಬ್ಬಿಣದ ಮಾತ್ರೆ ನಾವೇ ಕೊಡೋದು ಬೇಡ, ಅತಿಯಾದರೆ ಚಿಕ್ಕ ಮಕ್ಕಳಿಗೆ ಅದು ವಿಷ. ಊಟದ ಜೊತೆ ನಿಂಬೆರಸ ಇರಲಿ, ಕಾಫಿ-ಟೀ ಊಟದಿಂದ ದೂರ ಇರಲಿ. ಸಂಜೆ ಆಟವೂ ಇರಲಿ. ಬೊಜ್ಜು ಕರಗಿದಾಗ ಹೆಪ್ಸಿಡಿನ್ ಇಳಿದು ಆ ಬಾಗಿಲು ಮತ್ತೆ ತೆರೆದದ್ದು ಮಕ್ಕಳಲ್ಲೇ ಕಂಡುಬಂದಿದೆ.